ಹುಲಿಯಪ್ಪನ ಕತ್ತಿ, ಫೋರ್ಮನ್ನರ ಕೆನ್ನೆ

ಹುಲಿಯಪ್ಪನ ಎಡ ಮುಂಗೈಯ ಕೂದಲು ಮುಗಿದು ಹತ್ತು ದಿನವಾಗಿತ್ತು. ಬಲಗೈಯದು ಮೊನ್ನೆ ಮುಗಿಯಿತು. ಈಗ ಆತ ಭದ್ರಾವತಿ ಓಲ್ಡ್ ಟೌನಿನ ತನ್ನ ಮನೆಯ ಹಿತ್ತಿಲಲ್ಲಿ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿಕೊಂಡು, ತನ್ನ ಕಾಲನ್ನೇ ದಿಟ್ಟಿಸುತ್ತಿದ್ದ. ಕೈಯಲ್ಲಿ ತಾನೇ ಮಾಡಿದ ಕ್ಷೌರದ ಕತ್ತಿ.

"ಕೋಳಿ ಅಂಗಡಿಯೋರು ನೋಡಿದ್ರೆ ತಕ್ಕಡಿಗೆ ಹಾಕ್ತಾರೆ," ಎಂದಳು ಹೆಂಡತಿ ಚಿನ್ನಮ್ಮ, ಬಟ್ಟೆ ಹಿಂಡುತ್ತ.

"ಸುಮ್ನಿರೇ ಮಾರಾಯ್ತಿ. ಭಾನುವಾರಕ್ಕೆ ಇನ್ನು ಮೂರೇ ದಿನ."

ಕತ್ತಿ ಕೂದಲನ್ನು ಕೊಯ್ಯುತ್ತಿರಲಿಲ್ಲ, ಕೀಳುತ್ತಿತ್ತು. ಹುಲಿಯಪ್ಪನಿಗೆ ಅದೇ ಮರ್ಮಕ್ಕೆ ತಾಗಿದ ಪೆಟ್ಟು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಆತ ಮಾಡಿದ್ದು ಒಂದೇ ಕೆಲಸ: ಲೇತಿನಲ್ಲಿ ಉಕ್ಕು ಕೆತ್ತುವ ಉಳಿಗಳಿಗೆ ಸಾಣೆ ಹಿಡಿದು, ಡ್ರಾಯಿಂಗಿನಲ್ಲಿ ಬರೆದ ಕೋನಕ್ಕೆ ಅಲಗಿನ ಬಾಯಿ ತರುವುದು. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಫೋರ್ಮನ್ ಶಿವಶಂಕರಪ್ಪ ಆತ ಸಾಣೆ ಹಿಡಿದ ಉಳಿಯೊಂದನ್ನು ಇಡೀ ಶಿಫ್ಟಿನ ಎದುರು ಎತ್ತಿ ತೋರಿಸಿ, "ಹುಲಿಯಪ್ಪ, ನಿನ್ನ ಕೈಗೆ ಕೋನ ಬರಲ್ಲ ಕಣಯ್ಯ," ಎಂದು ಗುಜರಿ ಡಬ್ಬಿಗೆ ಎಸೆದಿದ್ದರು. ಮಧ್ಯಾಹ್ನದ ಶಿಫ್ಟು ಬರುವಷ್ಟರಲ್ಲಿ ಆತ 'ಅಡ್ಡಕೋನ ಹುಲಿಯಪ್ಪ' ಆಗಿಹೋಗಿದ್ದ. ನಿವೃತ್ತಿಯ ದಿನ ಹಾರ ಹಾಕಿದವರೂ ಪ್ರೀತಿಯಿಂದ ಹಾಗೆಯೇ ಕರೆದರು. ಪ್ರೀತಿಯ ಅಂಟು ಇನ್ನೂ ಗಟ್ಟಿ. ನಮ್ಮಂಥವರಿಗೆ ಪೆನ್ಸಿಲ್ ಹೆರೆಯಲೂ ಬಾರದು ಎಂದು ಊರೇ ಸಾರಿದರೂ ಎರಡು ಹೊತ್ತು ಊಟ ಸೇರುತ್ತದೆ. ಹುಲಿಯಪ್ಪನಿಗೆ ಸೇರಲಿಲ್ಲ.

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಮದುವೆ ಊಟದಲ್ಲಿ, ಉಕ್ಕು ಉಜ್ಜುವ ಹಳೆಯ ಅರವೊಂದನ್ನು ಕಾಯಿಸಿ ಕ್ಷೌರದ ಕತ್ತಿ ಮಾಡಿದ್ದೇನೆ ಎಂದು ಬಾಯಿಬಿಟ್ಟ. "ಅಡ್ಡಕೋನದ ಕತ್ತಿಯಾ?" ಎಂದು ಪಂಕ್ತಿಯೇ ನಕ್ಕಿತು. ನಗದವರು ಎದುರು ಎಲೆಯ ಮುಂದಿದ್ದ ಶಿವಶಂಕರಪ್ಪ ಒಬ್ಬರೇ. "ಹಂಗಾದ್ರೆ ಮೊದಲ ಶೇವ್ ನಂದೇ," ಎಂದರು. "ಭಾನುವಾರ ವಿದ್ಯಾನಗರದ ಮನೆಗೆ ಬಾ. ಒಂದು ತೊಟ್ಟು ರಕ್ತ ಬರದಿದ್ರೆ ಆವತ್ತಿನ ಮಾತು ವಾಪಸ್. ಬಂತೋ, ಮಾತು ಇದ್ದಲ್ಲೇ ಇರುತ್ತೆ."

ಮೂರು ಭಾನುವಾರ ಏನೇನೋ ನೆಪ ಹೇಳಿ ಮುಂದೂಡಿದ್ದಾಯಿತು. ಇನ್ನು ನೆಪಗಳ ಸ್ಟಾಕೂ ಇರಲಿಲ್ಲ.

ಶುಕ್ರವಾರ ಆತ ಕತ್ತಿಯನ್ನೂ ಸಾಣೆಕಲ್ಲನ್ನೂ ಟವೆಲಿನಲ್ಲಿ ಸುತ್ತಿಕೊಂಡು, ಮಾನ ಬದಿಗಿಟ್ಟು, ಎರಡು ಕುರ್ಚಿಯ ಸಲೂನಿನ ಮುರಳಿಯ ಬಳಿ ಹೋದ. ಅಜ್ಜನ ಕಾಲದ ಕತ್ತಿಗಳನ್ನು ಮುರಳಿ ಇನ್ನೂ ಡಬ್ಬಿಯಲ್ಲಿಟ್ಟಿದ್ದ. ಹುಲಿಯಪ್ಪ ಮಸೆದು ತೋರಿಸಿದ: ಕತ್ತಿಯ ಬೆನ್ನನ್ನು ಕಲ್ಲಿನಿಂದ ಎತ್ತಿ, ಜೊತೆಗೆ ತಂದಿದ್ದ ಹಿತ್ತಾಳೆಯ ತುಂಡಿಗೆ ಒರಗಿಸಿ, ಉಸಿರು ಹಿಡಿದು.

"ಅಯ್ಯೋ ಅಣ್ಣ, ಎತ್ತಿ ಯಾಕೆ ಹಿಡೀತೀಯ? ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗ್ಲಿ. ಮಲಗಿಸಿ ಎಳಿ. ಮಸೆಯೋ ಕೋನ ಕೈಯಲ್ಲಿಲ್ಲ, ಕತ್ತಿ ಒಳಗೇ ಇದೆ."

"ಮತ್ತೆ ಕೈಗೆ ಏನು ಕೆಲಸ?"

"ಶೇವ್ ಮಾಡೋವಾಗ ಇದೆಯಲ್ಲ. ಆ ಕೋನ ಮಾತ್ರ ಪೂರ್ತಿ ಕೈಯದ್ದು. ಅಲ್ಲಿ ತಪ್ಪಿದ್ರೆ..." ಮುರಳಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದ ಗಿರಾಕಿಯ ಕುತ್ತಿಗೆಯ ಕಡೆ ನೋಡಿದ. ಗಿರಾಕಿ ಕಣ್ಣು ಬಿಟ್ಟ.

ಮನೆಗೆ ಬಂದು ಮಲಗಿಸಿ ಮಸೆದ. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿ ಉದುರುತ್ತಿತ್ತು, ಈರುಳ್ಳಿ ಸಿಪ್ಪೆಯ ಅಂಚಿನ ಹಾಗೆ. ದಪ್ಪ ಅಳೆಯುವ ವರ್ನಿಯರ್ ಹಿಡಿದು ಲೆಕ್ಕ ಹಾಕಿದ. ಬೆನ್ನಿನ ದಪ್ಪ ನಾಲ್ಕು ಮಿಲಿಮೀಟರ್, ಕೋನ ಬರೀ ಹನ್ನೆರಡು ಡಿಗ್ರಿ. ಬೇಕಾದದ್ದು ಹದಿನಾರು. ಚೆಂದ ಕಾಣಲೆಂದು ಬೆನ್ನನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ್ದು ತಾನೇ. ಹೊಸ ಕತ್ತಿಗೆ ತಿಂಗಳು ಬೇಕು. ಇರುವುದು ಒಂದೇ ದಿನ. ಫೋರ್ಮನ್ನರ ಮಾತು ನಿಜವೇ ಇರಬಹುದೇನೋ ಎಂದು ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿ ಅನ್ನಿಸಿತು.

ದಾರಿ ಹೊಳೆದದ್ದು ಶನಿವಾರ, ಕಾಫಿ ಲೋಟ ಹಿಡಿದು ಕೂತಾಗ. ಲೇತಿನಲ್ಲಿ ಉಳಿಯ ಎತ್ತರ ಸಾಲದಿದ್ದರೆ ಏನು ಮಾಡುತ್ತಿದ್ದರು? ಅದರ ಕೆಳಗೆ ತಗಡಿನ ಚೂರು ಕೊಟ್ಟು ಪ್ಯಾಕಿಂಗ್ ಮಾಡುತ್ತಿದ್ದರು! ಎದ್ದು ಇನ್ಸುಲೇಷನ್ ಟೇಪ್ ಹುಡುಕಿ ಕತ್ತಿಯ ಬೆನ್ನಿಗೆ ನಾಲ್ಕು ಪದರ ಅಂಟಿಸಿದ. ದಪ್ಪ ಐದೂಕಾಲು ಮಿಲಿಮೀಟರಿನ ಹತ್ತಿರ ಬಂತು. ಹದಿನಾರು ಡಿಗ್ರಿಗೆ ಕೂದಲೆಳೆ ಕಡಿಮೆ. ಮಧ್ಯಾಹ್ನದವರೆಗೆ ಮಸೆದು, ಹಳೆ ಬೆಲ್ಟಿನ ಮೇಲೆ ತೀಡಿ, ಟೇಪ್ ಕಿತ್ತು, ಮೀನಖಂಡದಲ್ಲಿ ಉಳಿದಿದ್ದ ಕೊನೆಯ ಗುತ್ತಿಗೆ ತಾಗಿಸಿದ. ಕೂದಲು ಸದ್ದಿಲ್ಲದೆ ಉದುರಿತು.

"ಮೊದಲು ನಿಮ್ಮ ಮುಖದ ಮೇಲೆ ನೋಡ್ಕೊಳ್ರೀ," ಎಂದಳು ಚಿನ್ನಮ್ಮ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಆಗಲ್ಲ. ಮೊದಲ ಶೇವ್ ಅವರದ್ದು ಅಂತ ಮಾತಾಗಿದೆ."

ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಕತ್ತಿ ಊಟದ ಡಬ್ಬಿಯೊಳಗೆ ಟವೆಲಿನಲ್ಲಿ ಮಲಗಿತ್ತು. ವಿದ್ಯಾನಗರದ ಮನೆಯ ಜಗುಲಿಯಲ್ಲಿ ಎಪ್ಪತ್ತಾರರ ಶಿವಶಂಕರಪ್ಪ ಕುರ್ಚಿ ಹಾಕಿಸಿ ಕೂತಿದ್ದರು. ಅವರ ಹೆಂಡತಿ ಜಯಶೀಲಾ ಬಿಸಿನೀರಿನ ಪಕ್ಕದಲ್ಲಿ, ಯಾರೂ ಕೇಳದೆಯೇ, ಒಂದು ಬಟ್ಟಲು ಅರಿಶಿನ ಇಟ್ಟಿದ್ದರು.

ಎಡಗೆನ್ನೆ ಸಲೀಸಾಗಿ ಹೋಯಿತು. ಬಲಗೆನ್ನೆಯಲ್ಲಿ ಸುಕ್ಕು, ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿದು ಅಂಗುಲ ಅಂಗುಲವಾಗಿ ಇಳಿದ. ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಕೊನೆಗೆ ಕುತ್ತಿಗೆ. ಕತ್ತಿ ಗಂಟಲಮಣಿಯ ಬಳಿ ಬಂದಾಗ ಶಿವಶಂಕರಪ್ಪ ಬಾಯಿ ತೆರೆದರು.

"ಹುಲಿಯಪ್ಪ, ಆವತ್ತು ನಾನು ಹಿಡ್ಕೊಂಡಿದ್ದು ಬೇರೆ ಉಳಿಯ ಡ್ರಾಯಿಂಗ್. ನಿನ್ನ ಕೋನ ಸರಿಯಾಗೇ ಇತ್ತು."

ಕತ್ತಿ ನಿಂತಿತು.

"ಮಾರನೇ ದಿನವೇ ಗೊತ್ತಾಯ್ತು. ಅಷ್ಟರಲ್ಲಿ ಎಲ್ರೂ ನಿನ್ನ ಅಡ್ಡಕೋನ ಅಂತಿದ್ರು. ನಾಳೆ ಹೇಳೋಣ ಅಂದ್ಕೊಂಡೆ."

"ಇಪ್ಪತ್ತೆಂಟು ವರ್ಷ, ಸಾರ್."

ಗಂಟಲಮಣಿ ಅಲಗಿನ ಕೆಳಗೆ ಮೇಲೇರಿತು.

"ನುಂಗಬೇಡಿ!" ಎಂದ ಹುಲಿಯಪ್ಪ. ಮಣಿಕಟ್ಟು ಬಿಗಿಯುತ್ತಿತ್ತು, ಬಿಗಿದರೆ ಅಲಗು ಏಳುತ್ತದೆ, ಎದ್ದರೆ ಚರ್ಮ. ಬಾಗಿಲಲ್ಲಿ ಜಯಶೀಲಾ ಅರಿಶಿನದ ಬಟ್ಟಲು ಕೈಗೆತ್ತಿಕೊಂಡರು. "ಈಗ್ಯಾಕೆ ಹೇಳಿದ್ರಿ, ಇಂಥಾ ಹೊತ್ತಲ್ಲಿ?"

"ಬೇರೆ ಹೊತ್ತಲ್ಲಾದ್ರೆ ನೀನು ಎದ್ದು ಹೋಗ್ತಿದ್ದೆ. ಕೆಲಸ ಅರ್ಧಕ್ಕೆ ಬಿಡೋನಲ್ಲ ನೀನು."

ಹುಲಿಯಪ್ಪ ಕತ್ತಿ ತೆಗೆದ. ಟವೆಲಿಗೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕೈ ಸಡಿಲಾಗುವವರೆಗೆ ಕಾಂಪೌಂಡಿನ ಆಚೆ ನೋಡಿದ. ಆಮೇಲೆ ಬಂದು, ಅದೇ ಜಾಗಕ್ಕೆ, ಅದೇ ಕೋನಕ್ಕೆ ಅಲಗಿಟ್ಟು ಮೂರು ಎಳೆತದಲ್ಲಿ ಕುತ್ತಿಗೆ ಮುಗಿಸಿದ.

ಜಯಶೀಲಾ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. ಒಂದು ತೊಟ್ಟೂ ಇರಲಿಲ್ಲ.

"ಕೋನ ಬಂದಿದೆ ಕಣಯ್ಯ," ಎಂದರು ಶಿವಶಂಕರಪ್ಪ, ಕೆನ್ನೆ ಸವರಿಕೊಳ್ಳುತ್ತ.

"ಆವತ್ತೂ ಬಂದಿತ್ತಲ್ಲ, ಸಾರ್. ಶಿಫ್ಟಿನ ಎದುರು ಅಂದಿದ್ರಿ. ವಾಪಸ್ ತಗೊಳ್ಳೋದೂ ಶಿಫ್ಟಿನ ಎದುರೇ ಆಗ್ಲಿ."

ಮುದುಕರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ ಫೋನ್ ತರಿಸಿ, ಟೂಲ್ ರೂಮಿನ ನಿವೃತ್ತರ ವಾಟ್ಸಾಪ್ ಗುಂಪಿಗೆ ಮಾತಾಡಿ ಕಳಿಸಿದರು: "ನಾನು ಶಿವಶಂಕರಪ್ಪ. ಒಂದು ಉಳಿಯ ವಿಷಯ ಹೇಳೋದಿತ್ತು..." ಡ್ರಾಯಿಂಗಿನ ಕಥೆ ಪೂರ್ತಿ ಬಂತು. ಪ್ರತಿ ಅಕ್ಷರ ಕೇಳಿಸಿಕೊಳ್ಳುತ್ತ ಹುಲಿಯಪ್ಪ ಕತ್ತಿ ಮಡಚಿದ, ಕತ್ತಿಯನ್ನು ನೋಡದೆ.

ವಾಪಸು ಬಸ್ಸಿನಲ್ಲಿ ಚಿನ್ನಮ್ಮನ ಫೋನ್ ಬಂತು. "ಏನ್ರೀ, ರಕ್ತ ಬಂತಾ?"

"ಬಂತು."

"ಅಯ್ಯೋ ಶಿವನೇ! ಎಲ್ಲಿಗೆ ತಾಗ್ತು ಅವರಿಗೆ?"

"ಅವರಿಗಲ್ಲ ಕಣೆ. ಕತ್ತಿ ಮಡಚೋವಾಗ ನನ್ನ ಹೆಬ್ಬೆರಳಿಗೆ," ಎಂದ ಹುಲಿಯಪ್ಪ, ಅರಿಶಿನ ಮೆತ್ತಿದ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು. "ಅಮ್ಮಾವ್ರ ಅರಿಶಿನ ದಂಡವಾಗ್ಲಿಲ್ಲ."

"ಸದ್ಯ," ಎಂದಳು ಚಿನ್ನಮ್ಮ.