ಬಿಳಿ ಗೋಳಕ್ಕೆ ಮೂರು ಬೆರಳು ಅರಿಶಿನ

ಲತೇಶ್ ಶೆಟ್ಟಿಗಾರ್ ಇಪ್ಪತ್ತು ವರ್ಷ ಕತಾರಿನಲ್ಲಿ ಫೈಬರ್ ಕೆಲಸ ಮಾಡಿದ. ನೀರಿನ ಟ್ಯಾಂಕು, ಅಂಗಡಿ ಮುಂದಿನ ಒಂಟೆ, ಮಾಲ್‌ಗಳ ಸುಳ್ಳು ಖರ್ಜೂರದ ಮರ. ಯಾವುದರಲ್ಲೂ ಅವನ ಹೆಸರಿಲ್ಲ. ಶಾಲೆಯಲ್ಲಿ ಅಪ್ಪನ ಕೆಲಸ ಕೇಳಿದರೆ ಮಗಳು ಗ್ರೀಷ್ಮಾ "ಕಂಪನಿ" ಎಂದಷ್ಟೇ ಹೇಳಿ ಮಾತು ಹಾರಿಸುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ನೋವೂ ಇತ್ತು.

ಹಾಗಿರುವಾಗ ಮುಶೈರಿಬ್ ಬಡಾವಣೆಯ ಪ್ರದರ್ಶನವೊಂದಕ್ಕೆ ವಸ್ತೋಕ್ ನೌಕೆಯ ಮಾದರಿ ಮಾಡುವ ಕೆಲಸ ಬಂತು. 1961ರಲ್ಲಿ ಮೊದಲ ಮನುಷ್ಯನನ್ನು ಬಾಹ್ಯಾಕಾಶಕ್ಕೆ ಒಯ್ದ ಗೋಳ. ಕೂತವನ ಕೈಗೆ ಚುಕ್ಕಾಣಿ ಕೊಡದೆ ಬೀಗ ಹಾಕಿದ್ದರಂತೆ, ಬೀಗದ ಅಂಕಿ ಲಕೋಟೆಯಲ್ಲಿತ್ತಂತೆ. ಗ್ರೀಷ್ಮಾಳೇ ಓದಿ ಹೇಳಿದಳು. ಅಪ್ಪನ ಕೆಲಸದ ಬಗ್ಗೆ ಅವಳು ಬಾಯಿಬಿಟ್ಟಿದ್ದು ಅದೇ ಮೊದಲು.

"ಪಪ್ಪ, ಓಪನಿಂಗ್ ಥರ್ಸ್‌ಡೇ ಅಲ್ವಾ, ನಮ್ಮ ಕ್ಲಾಸ್ ನೋಡ್ಲಿಕ್ಕೆ ಹೋಗ್ತದೆ. ನೀವು ಮಾಡಿದ್ದು ಅಂತ ಎಲ್ರಿಗೂ ಹೇಳಿದ್ದೇನೆ."

ಉಮ್ಮ್ ಸಲಾಲ್‌ನ ಶೆಡ್ಡಿನಲ್ಲಿ ಎರಡು ತಿಂಗಳು ಮೈಮುರಿದು ದುಡಿದಿದ್ದ. ಬುಧವಾರ ಬೆಳಿಗ್ಗೆ, ಲಾರಿ ಬರುವ ಮುಂಚೆ, ಹೊಸ ಗಾಡಿಗೆ ಮಾಡುವಂತೆ ಅರಿಶಿನ ಕಲಸಿ ಬಿಳಿ ಗೋಳಕ್ಕೆ ಮೂರು ಬೆರಳು ಎಳೆದ. ಊರಿನ ಬುದ್ಧಿ, ಎಲ್ಲಿ ಹೋಗುತ್ತದೆ! ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಹಳದಿ ಒಳಗಿಳಿಯಿತು, ಒರೆಸಿದಷ್ಟೂ ಹರಡಿತು.

ಪ್ರದರ್ಶನದ ಮ್ಯಾನೇಜರ್ ಪೀಟರ್, ಮಂಗಳೂರಿನವನೇ, ಲಾರಿ ಜೊತೆ ಬಂದು ನೋಡಿ ಕೆಂಡವಾದ. "ಎಂತದು ಮಾರಾಯ ಇದು? ನಾಳೆ ಓಪನಿಂಗ್. ಇನ್ನೊಂದು ಕೋಟ್ ಹೊಡೆದ್ರೆ ಒಣಗುವುದು ಯಾವಾಗ? ಖಲಾಸ್, ಇದರ ಬದಲು ಫೋಟೋ ಬೋರ್ಡ್ ಹಾಕ್ತೇವೆ."

ಗೋಳವನ್ನು ಶೆಡ್ಡಿನ ಹಿಂದಿನ ಬಯಲಿಗೆ ದಬ್ಬಿದರು.

ಮನೆಯಲ್ಲಿ ಹೆಂಡತಿ ಜ್ಯೋತ್ಸ್ನಾ ಹಣೆ ಚಚ್ಚಿಕೊಂಡಳು. "ಅರಿಶಿನದ ಕಲೆ ಬಿಸಿಲಿಗೆ ಹೋಗ್ತದೆ ಮಾರಾಯ್ರೆ! ಎರಡು ದಿನ ಮೊದಲೇ ಪೂಜೆ ಮಾಡ್ಲಿಕ್ಕೆ ಏನಾಗಿತ್ತು ನಿಮಗೆ?"

ಬಿಸಿಲಿಗೆ ಈ ಊರಲ್ಲಿ ಬರವೇ? ದಿನಕ್ಕೆ ಮಾತ್ರ ಬರವಾಯಿತು. ಮಗಳಿಗೆ ಅಂದೇ ಹೇಳಿಬಿಡಬೇಕಿತ್ತು. ಅವಳು ಯೂನಿಫಾರ್ಮ್ ಇಸ್ತ್ರಿ ಮಾಡಿಕೊಳ್ಳುತ್ತಿದ್ದಳು. ಅವನು ಇಸ್ತ್ರಿಯ ವಯರು ಸರಿಪಡಿಸಿಕೊಟ್ಟು ಮಲಗಲು ಹೋದ.

ಗುರುವಾರ ಪ್ರದರ್ಶನ ನೋಡಿ ಬಂದವಳು ಒಂದೇ ಮಾತು ಕೇಳಿದಳು. "ಯಾಕೆ ಸುಳ್ಳು ಹೇಳಿದ್ರಿ ಪಪ್ಪ?"

ಶನಿವಾರ ಲತೇಶ್ ಬಯಲಿಗೆ ಹೋಗಿ ನೋಡಿದ. ಗೋಳ ಅಪ್ಪಟ ಬಿಳಿಯಾಗಿ ನಿಂತಿತ್ತು. ಮೂರು ಬೆರಳು ಎಲ್ಲಿತ್ತೆಂದು ಅವನಿಗೇ ತಿಳಿಯಲಿಲ್ಲ. ಮನೆಗೆ ಫೋನ್ ಮಾಡಿದ.

"ಕಲೆ ಹೋಗಿದೆ ಮಗಾ. ಬಾ, ಒಮ್ಮೆ ನೋಡು."

"ಫ್ರೆಂಡ್ಸ್ ಇನ್ನೊಮ್ಮೆ ನೋಡ್ಲಿಕ್ಕೆ ಬರುವುದಿಲ್ಲ ಅಲ್ವಾ? ನೀವೇ ನೋಡಿ ಪಪ್ಪ."

ಅಷ್ಟರಲ್ಲಿ ಗೋಳ ಒಯ್ಯಲು ಪೀಟರ್ ಕಳಿಸಿದ ಗುಜರಿ ಲಾರಿ ಬಂತು. ಡ್ರೈವರ್ "ಯಲ್ಲಾ" ಎಂದು ಅವಸರಿಸಿ ಹಗ್ಗ ಎಸೆದ. ಗೋಳಕ್ಕೆ ಅದನ್ನು ಬಿಗಿದು ಗಂಟು ಹಾಕಿದ್ದು ಲತೇಶನೇ.