ಮುಂದಿನ ಕಾರಿನಾಚೆ ನೋಡುವವರು
ವೇಗದ ಚಟಕ್ಕೆ ನನ್ನ ಲೈಸೆನ್ಸ್ ಮೇಲೆ ಎಂಬತ್ತು ಡಿಮೆರಿಟ್ ಪಾಯಿಂಟ್, ಅಂದರೆ ತಪ್ಪಿನ ಅಂಕಗಳು, ಬಿದ್ದಿದ್ದವು. ನೂರಾದರೆ ಲೈಸೆನ್ಸೇ ಅಮಾನತು. ಸುರಕ್ಷಾ ಕೋರ್ಸ್ ಮಾಡಿದರೆ ಅವು ಅಳಿಯುತ್ತವೆಂದು ನಂಬಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದ ಹುಬ್ಬಳ್ಳಿಯ ಆಂಟಿಯ ಬಳಿ ಹೋದೆ.

"ಪಾಯಿಂಟ್ ಅಳಿಯೂದಿಲ್ಲಪ್ಪಾ, ಎರಡು ವರ್ಷ ಇರ್ತಾವ. ಇನ್ಶೂರೆನ್ಸ್ ಇಳೀತದಂತನೂ ನಾ ಹೇಳಂಗಿಲ್ಲ. ಮುಂದಿನ ಕಾರಿನಾಚೆ ನೋಡೂದು ಕಲಿಸ್ತೀನಿ," ಎಂದರು ಆಂಟಿ.

ಮೋಟರ್‌ವೇಯಲ್ಲಿ ಗಾಜಿನತ್ತ ಬೆರಳು ಚಾಚಿ "ಆಚೆ ನೋಡು, ಆಚೆ ನೋಡು" ಎನ್ನುತ್ತಲೇ ಇದ್ದರು. ಪೆನ್‌ರೋಸ್ ಹತ್ತಿರ ಒಮ್ಮೆಲೇ, "ಸಾವಕಾಶ ಮಾಡು. ಆ ಯೂಟ್‌ನ ಹಗ್ಗ ಸಡ್ಲ್ ಆಗೇದ," ಎಂದರು.

ನಾನು ವೇಗ ಇಳಿಸುವಷ್ಟರಲ್ಲಿ, ಮೂರು ಕಾರುಗಳಾಚೆಯ ಆ ಯೂಟ್‌ನ, ಅಂದರೆ ತೆರೆದ ಪಿಕಪ್ ಗಾಡಿಯ, ಹಿಂಬದಿಯಿಂದ ಹಾಸಿಗೆಯೊಂದು ಹಾರಿ ರಸ್ತೆಗೆ ಬಿತ್ತು. ಮುಂದಿನ ಕಾರುಗಳು ಚೀರುತ್ತಾ ನಿಂತವು. ನಾವು ಎಷ್ಟೋ ಹಿಂದೆಯೇ ಮೆಲ್ಲಗೆ ನಿಂತೆವು.

ನಾನು ರಸ್ತೆಗೆ ಬಿದ್ದ ಹಾಸಿಗೆಯನ್ನೇ ನೋಡುತ್ತಿದ್ದೆ. ಆಂಟಿಯ ಕಣ್ಣು ಆಗಲೇ ಕನ್ನಡಿಯಲ್ಲಿತ್ತು. "ಹಿಂದಿನ ಲಾರಿನೂ ನಿಂತಿತು," ಎಂದು ಉಸಿರುಬಿಟ್ಟರು.

ನಮ್ಮ ಹಿಂದೊಂದು ಲಾರಿ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.