ಕಪ್ಪು ಮಣ್ಣಿನ ಮೇಲೆ ಕೆಂಪು ಮಣ್ಣು

ಮಣ್ಣಗುಡ್ಡದ ನಮ್ಮ ಮನೆಯ ಹಿಂದಿನ ಜಾಗ ಅಮ್ಮನ ಹೆಸರಿನಲ್ಲಿದೆ, ಅಜ್ಜಿಯಿಂದ ಬಂದದ್ದು. ಆದರೆ ಅದನ್ನು ಬಾಡಿಗೆಗೆ ಕೊಡುವುದು, ಬಿಡಿಸುವುದು ಎಲ್ಲ ಅವಳ ತಮ್ಮನ, ಅಂದರೆ ನನ್ನ ಮಾವನ ಕೆಲಸ. ತಾಯಿಯ ಕಡೆಯಿಂದ ಆಸ್ತಿ ಬರುವ ನಮ್ಮಂಥ ಮನೆಗಳಲ್ಲಿ ಇದು ವಾಡಿಕೆ. ಅಮ್ಮ ಸಹಿ ಹಾಕುತ್ತಿದ್ದಳು, ಅಷ್ಟೆ.

ಅಲ್ಲಿ ಕೆಲವು ವರ್ಷ ಒಂದು ಗ್ಯಾರೇಜ್ ಇತ್ತು. ನಡೆಸುತ್ತಿದ್ದವ ಊರು ಬಿಟ್ಟ ಮೇಲೆ ನೋಡಿದರೆ, ಶೆಡ್ಡಿನ ಹಿಂದೆ ಹಳೇ ಆಯಿಲ್ ಇಂಗಿ ಮಣ್ಣು ಟಾರಿನಂತೆ ಕಪ್ಪಾಗಿತ್ತು. ಇಳಿಜಾರು ಪಕ್ಕದ ಮನೆಯ ಕಡೆಗೆ. ಮಳೆಗಾಲದಲ್ಲಿ ಅಲ್ಲಿರುವ ನಿವೃತ್ತ ಟೀಚರ್ ಒಬ್ಬರ ಬಾವಿಯ ನೀರಿನ ಮೇಲೆ ಎಣ್ಣೆಯ ಪೊರೆ ಕಂಡಿತು. ಟೀಚರ್ ಜಗಳಕ್ಕೆ ಬರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟರು, ಕೊಟ್ಟದ್ದನ್ನು ಅಮ್ಮನಿಗೆ ಬಂದು ಹೇಳಿಯೂ ಹೋದರು. ಅಮ್ಮನ ನಿದ್ದೆ ಕೆಡಿಸಿದ್ದು ದೂರಲ್ಲ, ಬಾವಿ. ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿದರೆ ನೀರು ತರುತ್ತಿದ್ದುದು ಅಲ್ಲಿಂದಲೇ.

ನೋಟಿಸ್ ಬಂದದ್ದು ಅಮ್ಮನ ಹೆಸರಿಗೆ.

"ಆಯಿಲ್ ಚೆಲ್ಲಿದ್ದು ಅವ. ನಮಗೆಂತಕ್ಕೆ?" ಎಂದರು ಮಾವ.

ಅಧಿಕಾರಿ ಬರುವ ದಿನ ಗೊತ್ತಾದಾಗ, ಮನೆಗೆ ನೆಂಟರು ಬರುವುದಿದ್ದರೆ ಮಾಡುವುದನ್ನೇ ಮಾವ ಮಾಡಿದರು. ಟಿಪ್ಪರಿನಲ್ಲಿ ಕೆಂಪು ಮಣ್ಣು ತರಿಸಿ, ಹರಡಿ, ತಟ್ಟಿ, ನೀರು ಹೊಡೆಸಿದರು.

"ಇನ್ನು ಮದುವೆಯ ಮೆಹಂದಿಗೆ ಚಪ್ಪರ ಹಾಕುವುದೊಂದು ಬಾಕಿ," ಅಂದಳು ಅಮ್ಮ.

ಬಂದವರು ಕಿರಿಯ ವಯಸ್ಸಿನ ಮೇಡಂ. ಕಬ್ಬಿಣದ ಕೊಳವೆಯನ್ನು ಮಣ್ಣಿಗೆ ಇಳಿಸಿ ಎತ್ತಿದರು. ಮೇಲೆ ಒಂದು ಗೇಣು ಕೆಂಪು, ಕೆಳಗೆಲ್ಲ ಕಪ್ಪು.

"ಈಗ ಹೊಸ ಮಣ್ಣೂ ಹಾಳಾಯಿತಲ್ಲ ಸರ್. ಇದನ್ನೂ ಸೇರಿಸಿ ತೆಗೆಯಬೇಕು."

"ಹಾಳು ಮಾಡಿದ್ದು ನಾವಲ್ಲ ಮೇಡಂ."

"ಗೊತ್ತುಂಟು. ಅವರನ್ನು ಹುಡುಕಿದ ಮೇಲೆ ಖರ್ಚು ಅವರಿಂದ ಕೇಳಬಹುದು. ಅಲ್ಲಿವರೆಗೆ ಆಯಿಲ್ ನಿಲ್ಲುವುದಿಲ್ಲ, ಇಳೀತಾ ಇರ್ತದೆ. ಜಾಗ ಯಾರದೋ ಅವರು ಶುರು ಮಾಡಬೇಕು. ಮಾಲೀಕರು ಯಾರು?"

ಮಾವ ಬಾಯಿ ತೆರೆಯುವ ಮೊದಲೇ ಅಮ್ಮ "ನಾನು" ಅಂದಳು.

"ಅಕ್ಕ, ವಕೀಲರನ್ನೊಮ್ಮೆ ಕೇಳುವ."

"ಕೇಳು ಮಾರಾಯ. ಅವರು ಹೇಳುವಷ್ಟರಲ್ಲಿ ಮಣ್ಣು ತೆಗೆದಾಗಿರ್ತದೆ."

ಹಾಗೆಯೇ ಆಯಿತು. ಇಂಥ ಮಣ್ಣು ಒಯ್ಯಲು ಮಂಡಳಿಯ ಪರವಾನಗಿ ಇದ್ದವರು ಬಂದು, ಮುಂದಿನ ಮಳೆಗೆ ಮೊದಲೇ ಎರಡೂ ಬಣ್ಣದ ಮಣ್ಣನ್ನು ಟಾರ್ಪಾಲು ಮುಚ್ಚಿದ ಲಾರಿಯಲ್ಲಿ ಒಯ್ದರು. ಬೈದುಕೊಂಡೇ ನಿಂತಿದ್ದ ಮಾವ, ಮೂಲೆಯಲ್ಲಿ ಒಂದಿಷ್ಟು ಕಪ್ಪು ಉಳಿದದ್ದನ್ನು ತಾವೇ ತೋರಿಸಿಕೊಟ್ಟರು. ಅವರ ಬಾವಿ ಸರಿಯಾಗುವವರೆಗೆ ಎಂದು ಟೀಚರ್ ಅಡುಗೆಮನೆಗೆ ನಮ್ಮ ಬಾವಿಯಿಂದ ಪೈಪ್ ಹೋಯಿತು. ಅವರ ಬಾವಿಯನ್ನು ಖಾಲಿ ಮಾಡಿಸಿ, ಮಳೆಗಾಲದಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ನೀರು ಪರೀಕ್ಷೆ ಮಾಡಿಸಿದೆವು. ಎರಡನೆಯ ಸಲ, ಕುಡಿಯಬಹುದು ಎಂದರು.

ಈ ಏಪ್ರಿಲ್‌ನಲ್ಲಿ ನಮ್ಮ ಬಾವಿ ಎಂದಿನಂತೆ ಬತ್ತಿತು. ಅಮ್ಮ ಕೊಡಪಾನ ಹಿಡಿದು ಟೀಚರ್ ಮನೆಗೆ ಹೋದಳು, ಮಾತಾಡಿ ನಿಧಾನಕ್ಕೆ ಬಂದಳು. ಆ ನೀರಿನ ಚಹಾ ಕುಡಿಯುತ್ತಾ ಮಾವ, ಹಿಂದಿನ ಜಾಗವನ್ನು ಒಬ್ಬ ಬಾಡಿಗೆಗೆ ಕೇಳುತ್ತಿದ್ದಾನೆ ಎಂದರು.

"ಇಲ್ಲಿಗೆ ಕಳಿಸು. ನಾನು ಮಾತಾಡ್ತೇನೆ," ಅಂದಳು ಅಮ್ಮ.